‘ಕನ್ವೆನ್ಷನ್ ಸೆಂಟರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕೆನ್ಯಾದ ರಾಜಧಾನಿ ನೈರೋಬಿಯ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕೆನ್ಯಾಟ್ಟಾ ಇಂಟರ್‌ನ್ಯಾಷನಲ್ ಕನ್ವೆನ್ಷನ್ ಸೆಂಟರ್’ ಎಂಬಲ್ಲಿಗೆ ಬಂದು ಕೈ ನಿಂತಿದೆ.

1973ರಲ್ಲಿ ತೆರೆದ ಕಟ್ಟಡವಿದು. ನಾರ್ವೆಯ ಕಾರ್ಲ್ ಹೆನ್ರಿಕ್ ನ್ಯೋಸ್ಟ್‌ವಿಕ್ ಮತ್ತು ಕೆನ್ಯಾದವರೇ ಆದ ಡೇವಿಡ್ ಮುಟಿಸೊ ಇದರ ವಿನ್ಯಾಸಕಾರರು. ನೂರು ಮೀಟರಿಗೂ ಮಿಗಿಲಾದ ಗೋಪುರ, ಅದರ ಮಗ್ಗುಲಿಗೆ ಗುಂಡು ಗುಡಿಸಲಿನ ಸೂರನ್ನು ನೆನಪಿಸುವ ಚೂಪು ಮಾಡಿನ ಸಭಾಂಗಣ. ತೆರೆದ ವರ್ಷವೇ ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ವಾರ್ಷಿಕ ಸಭೆ ನಡೆಯಿತು. 1985ರಲ್ಲಿ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನ, 2015ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಸಚಿವರ ಸಭೆ ನಡೆದದ್ದೂ ಇಲ್ಲೇ.

ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳೋಣವೆಂದರೆ, ನಮ್ಮಲ್ಲಿ ‘ಕನ್ವೆನ್ಷನ್ ಹಾಲ್’ ಎಂದೊಡನೆ ಕಣ್ಣಮುಂದೆ ಬರುವುದು ಆರತಕ್ಷತೆ. ಹಿಂದೆ ಛತ್ರ ಎನ್ನುತ್ತಿದ್ದೆವು, ಆಮೇಲೆ ಕಲ್ಯಾಣ ಮಂಟಪ ಎಂದೆವು, ಈಗ ಅದೇ ಕನ್ವೆನ್ಷನ್ ಹಾಲ್ ಆಗಿದೆ. ನಿಘಂಟು ನೋಡಿ ‘ಒಡಂಬಡಿಕೆ ಕೇಂದ್ರ’ ಎಂದು ಬರೆದದ್ದನ್ನೂ ಓದಿದ್ದೇನೆ. ಅದು ತಪ್ಪು. ಜೀವವೈವಿಧ್ಯ ಒಡಂಬಡಿಕೆಯ ಪಠ್ಯವನ್ನು 1992ರ ಮೇ 22ರಂದು ಒಪ್ಪಿದ್ದು ಇದೇ ನೈರೋಬಿಯಲ್ಲಿ. ಅಲ್ಲಿ ಕನ್ವೆನ್ಷನ್ ಎಂದರೆ ಒಡಂಬಡಿಕೆ ಸರಿಯೇ. ಕಟ್ಟಡದ ಹೆಸರಿನಲ್ಲಿ ಮಾತ್ರ ಜನ ಕೂಡುವುದೆಂಬ ಅರ್ಥ. ಮೊದಲು ಇದರ ಹೆಸರಲ್ಲಿ ‘ಕಾನ್ಫರೆನ್ಸ್’ ಎಂದೇ ಇತ್ತು, ಆಮೇಲೆ ‘ಕನ್ವೆನ್ಷನ್’ ಆಯಿತು.

ಪತ್ರಿಕೆಗಳು ‘ಸಮಾವೇಶ ಕೇಂದ್ರ’ ಎನ್ನುತ್ತವೆ. ನನ್ನ ಕಿವಿಗೆ ಸಮಾವೇಶವೆಂದರೆ ಮೈದಾನ, ಶಾಮಿಯಾನ, ಪಕ್ಷದ ಬಾವುಟ. ಸಮ್ಮೇಳನವೇ ಹೆಚ್ಚು ಹೊಂದುತ್ತದೆ ಅನ್ನಿಸುತ್ತದೆ. 1915ರಿಂದ ನಡೆದುಬಂದ ಸಾಹಿತ್ಯ ಸಮ್ಮೇಳನದಲ್ಲಿ ಪ್ರತಿನಿಧಿಗಳಿದ್ದಾರೆ, ಗೋಷ್ಠಿಗಳಿವೆ, ಕೊನೆಗೆ ನಿರ್ಣಯಗಳಿವೆ. ನೈರೋಬಿಯ ಕಟ್ಟಡದೊಳಗೆ ನಡೆಯುವುದೂ ಅಂಥದ್ದೇ. ‘ಕಾಂಪ್ಲೆಕ್ಸ್’ಗೆ ನಾವು ಬಳಸುವ ‘ಸಂಕೀರ್ಣ’ವನ್ನು ಮಾತ್ರ ಇದಕ್ಕೆ ಅಂಟಿಸಲಾರೆ, ‘ಸಮ್ಮೇಳನ ಸಂಕೀರ್ಣ’ ಎಂದರೆ ಸಮ್ಮೇಳನವೇ ಗೋಜಲಾಯಿತೇನೋ ಅನ್ನಿಸುತ್ತದೆ.

ನನಗೆ ದಾರಿ ತೋರಿದ್ದು ಕೆನ್ಯಾದವರಾಡುವ ಸ್ವಾಹಿಲಿ ಭಾಷೆ. ಅದರಲ್ಲಿ ಇಂಥ ಕಟ್ಟಡ ‘ಜುಂಬಾ ಲಾ ಮಿಕುತಾನೊ’. ‘ಕುತ’ ಎಂದರೆ ಎದುರಾಗು, ಕಾಣು. ಅದಕ್ಕೆ ‘ಅನ’ ಸೇರಿದರೆ ಒಬ್ಬರಿಗೊಬ್ಬರು ಎಂಬ ಅರ್ಥ ಬಂದು ‘ಕುತಾನ’ ಆಗುತ್ತದೆ, ಅಂದರೆ ಪರಸ್ಪರ ಭೇಟಿಯಾಗು. ‘ಮ್ಕುತಾನೊ’ ಸಭೆ, ‘ಮಿಕುತಾನೊ’ ಸಭೆಗಳು. ನಮ್ಮ ‘ಕೂಡು’, ‘ಕೂಟ’ ಥಟ್ಟನೆ ನೆನಪಾಗುತ್ತವೆ. ಇದು ಬರೀ ಆಕಸ್ಮಿಕ, ನಂಟು ಹುಡುಕಬೇಕಿಲ್ಲ. ಆದರೂ ಓದಿದಾಗ ಮನಸ್ಸು ಅರಳಿತು. ‘ಜುಂಬಾ’ ಬಂದದ್ದು ‘ನ್ಯುಂಬಾ’ದಿಂದ. ನ್ಯುಂಬಾ ಮನೆ, ಜುಂಬಾ ದೊಡ್ಡ ಮನೆ. ಕೇಂದ್ರ ಎಂಬ ಮಾತೇ ಅಲ್ಲಿಲ್ಲ. ನಾವು ಮಾತ್ರ ಯಾಕೆ ಆರೋಗ್ಯ ಕೇಂದ್ರ, ಖರೀದಿ ಕೇಂದ್ರಗಳ ಸಾಲಿಗೆ ಇದನ್ನೂ ನಿಲ್ಲಿಸಬೇಕು?

ದೊಡ್ಡ ಮನೆಗೆ ನಮ್ಮಲ್ಲಿ ‘ಸೌಧ’ವಿದೆ. ಸುಧೆ ಎಂದರೆ ಸುಣ್ಣ, ಸುಣ್ಣ ಬಳಿದು ಬೆಳ್ಳಗಾದದ್ದು ಸೌಧ. ಹಾಗಾಗಿ ‘ಕೆನ್ಯಾಟ್ಟಾ ಅಂತರರಾಷ್ಟ್ರೀಯ ಸಮ್ಮೇಳನ ಸೌಧ’ ಎಂದು ಬರೆದಿಟ್ಟಿದ್ದೇನೆ.

ಒಂದೇ ಅಳುಕು. ವಿಧಾನಸೌಧ, ವಿಕಾಸಸೌಧ, ತಾಲ್ಲೂಕಿಗೊಂದು ಮಿನಿ ವಿಧಾನಸೌಧ ಎಂದು ಕೇಳಿ ಕೇಳಿ, ಸೌಧ ಎಂದರೆ ಸರ್ಕಾರಿ ಕಚೇರಿ ಎಂಬ ಭಾವನೆ ಬೇರೂರಿದೆಯೇ? ನಿಮ್ಮ ಕಡೆ ಈ ಪದ ಹೇಗೆ ಕೇಳಿಸುತ್ತದೆ? ‘ಭವನ’ ಎಂದರೇ ಲೇಸೆನ್ನುವಿರಾ?