ಥಂಡರ್‌ಬರ್ಡ್‌ನ ಎಡಗಡೆ ಫೋಲ್ಡರ್ ಪಟ್ಟಿ ಚಿಕ್ಕದು ಮಾಡುವುದು ಹೇಗೆ?

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಇಮೇಲ್ ನೋಡಲು ಬಳಸುವ ಥಂಡರ್‌ಬರ್ಡ್ ತಂತ್ರಾಂಶದಲ್ಲಿ ಎರಡು ಜಿಮೇಲ್, ಒಂದು ಆಫೀಸಿನ ಐಮ್ಯಾಪ್ (ಪತ್ರಗಳನ್ನು ಸರ್ವರಿನಲ್ಲೇ ಇಟ್ಟು ನೋಡುವ ವ್ಯವಸ್ಥೆ) ಖಾತೆ ಇವೆ. ಮೂರನೇ ಇನ್‌ಬಾಕ್ಸ್ ನೋಡಬೇಕಾದರೆ ಕೆಳಗಿನವರೆಗೆ ಸ್ಕ್ರೋಲ್ ಮಾಡಬೇಕು. ದಿನಾ ಬೇಕಾಗುವ ಐದಾರು ಫೋಲ್ಡರ್ ಮಾತ್ರ ಮೇಲೆ ಕಾಣಬೇಕು. ಬಲ್ಲವರು ತಿಳಿಸಿ.

ಉತ್ತರ 1
2023ರಲ್ಲಿ ಬಂದ 115ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇದ್ದರೆ ಕೆಲಸ ಸುಲಭ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಫೇವರಿಟ್' ಗುರುತು ಹಾಕಿ. ಆಮೇಲೆ ಪಟ್ಟಿಯ ತಲೆಯಲ್ಲಿರುವ ಮೂರು ಚುಕ್ಕಿ ಒತ್ತಿ, 'ಫೋಲ್ಡರ್ ಮೋಡ್ಸ್' ಒಳಗೆ 'ಫೇವರಿಟ್ ಫೋಲ್ಡರ್ಸ್' ಆರಿಸಿ. 'ಆಲ್ ಫೋಲ್ಡರ್ಸ್' ಟಿಕ್ ಈಗಲೇ ತೆಗೆಯಬೇಡಿ. ಎರಡೂ ಇದ್ದಾಗ ಎರಡು ವಿಭಾಗ ಕಾಣುತ್ತವೆ. ವಿಭಾಗದ ಹೆಸರಿನ ಪಕ್ಕದ ಚುಕ್ಕಿಗಳಿಂದ ಫೇವರಿಟ್ಸ್ ಮೇಲಕ್ಕೆ ಸರಿಸಬಹುದು. ಅದೇ ಮೆನುವಿನಲ್ಲಿ 'ಹೈಡ್ ಲೋಕಲ್ ಫೋಲ್ಡರ್ಸ್' ಕೂಡ ಇದೆ. ಮೂರು ಚುಕ್ಕಿಯೇ ಕಾಣದಿದ್ದರೆ ಆಲ್ಟ್ ಕೀ ಒತ್ತಿ, ವ್ಯೂ ಮೆನುವಿನಲ್ಲಿ 'ಫೋಲ್ಡರ್ ಪೇನ್ ಹೆಡರ್' ಹುಡುಕಿ ಟಿಕ್ ಹಾಕಿ.

ಉತ್ತರ 2
ಮೇಲಿನವರು ಹೇಳಿದ್ದು ಸರಿ, ಆದರೆ ಉದ್ದದ ಮೂಲ ಬೇರೆ ಕಡೆ ಇದೆ. ಜಿಮೇಲ್‌ನ ಪ್ರತಿ ಲೇಬಲ್ಲೂ ಐಮ್ಯಾಪ್‌ನಲ್ಲಿ ಒಂದು ಫೋಲ್ಡರ್ ಆಗಿ ಬರುತ್ತದೆ. 'ಆಲ್ ಮೇಲ್' ಅಂತೂ ಇನ್‌ಬಾಕ್ಸ್‌ನಲ್ಲಿರುವ ಪತ್ರಗಳನ್ನೇ ಇನ್ನೊಮ್ಮೆ ತೋರಿಸುತ್ತದೆ. ಬ್ರೌಸರಿನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್, 'ಸೀ ಆಲ್ ಸೆಟ್ಟಿಂಗ್ಸ್', 'ಲೇಬಲ್ಸ್' ಟ್ಯಾಬಿಗೆ ಹೋಗಿ. ಬೇಡದ ಲೇಬಲ್‌ಗಳ ಎದುರಿನ 'ಶೋ ಇನ್ ಐಮ್ಯಾಪ್' ಟಿಕ್ ತೆಗೆದು ಥಂಡರ್‌ಬರ್ಡ್ ಮುಚ್ಚಿ ತೆರೆಯಿರಿ. ಸೆಂಟ್, ಡ್ರಾಫ್ಟ್ಸ್, ಟ್ರ್ಯಾಶ್ ಮೂರನ್ನು ಮುಟ್ಟಬೇಡಿ, ಥಂಡರ್‌ಬರ್ಡ್‌ಗೆ ಅವು ಬೇಕೇ ಬೇಕು. ಆರ್ಕೈವ್ ಮಾಡಿದ ಪತ್ರ 'ಆಲ್ ಮೇಲ್'ಗೆ ಹೋಗುವಂತೆ ಇಟ್ಟಿದ್ದರೆ, ಅದನ್ನು ಮರೆಮಾಡುವ ಮೊದಲು ಅಕೌಂಟ್ ಸೆಟ್ಟಿಂಗ್ಸ್‌ನ 'ಕಾಪೀಸ್ ಅಂಡ್ ಫೋಲ್ಡರ್ಸ್'ನಲ್ಲಿ ಬೇರೆ ಜಾಗ ಕೊಡಿ.

ಆಫೀಸಿನ ಖಾತೆಗೆ ಈ ದಾರಿ ಇಲ್ಲ. ಖಾತೆಯ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಸಬ್‌ಸ್ಕ್ರೈಬ್' ತೆರೆದು ಬೇಡದ ಫೋಲ್ಡರಿನ ಟಿಕ್ ತೆಗೆಯಿರಿ. ಪತ್ರ ಅಳಿಯುವುದಿಲ್ಲ, ಸರ್ವರಿನಲ್ಲೇ ಇರುತ್ತದೆ. ಎಚ್ಚರ ಬೇಕಾದದ್ದು ಒಂದಕ್ಕೆ: ಸರ್ವರಿನ ಫಿಲ್ಟರ್ ಹೊಸ ಪತ್ರ ತಂದು ಹಾಕುವ ಫೋಲ್ಡರನ್ನು ಹೀಗೆ ಮರೆಮಾಡಿದರೆ ಆ ಪತ್ರ ಬಂದದ್ದೇ ತಿಳಿಯುವುದಿಲ್ಲ.

ಉತ್ತರ 3
ಮೂರು ಇನ್‌ಬಾಕ್ಸ್ ಒಂದೇ ಕಡೆ ಸಾಕು ಅನ್ನುವುದಾದರೆ ಅದೇ 'ಫೋಲ್ಡರ್ ಮೋಡ್ಸ್' ಒಳಗಿನ 'ಯೂನಿಫೈಡ್ ಫೋಲ್ಡರ್ಸ್' ನೋಡಿ. ಅದು ಬರೀ ನೋಟ, ಪ್ರತಿ ಅಲ್ಲ; ಅಲ್ಲಿ ಅಳಿಸಿದರೆ ಮೂಲ ಖಾತೆಯಲ್ಲೂ ಹೋಗುತ್ತದೆ. ಯಾವುದಾದರೂ ಖಾತೆಯ ಪತ್ರ ಅದರಲ್ಲಿ ಕಾಣದಿದ್ದರೆ ಯೂನಿಫೈಡ್ ಇನ್‌ಬಾಕ್ಸ್‌ನ ಪ್ರಾಪರ್ಟೀಸ್ ತೆರೆದು ಆ ಖಾತೆಯ ಇನ್‌ಬಾಕ್ಸ್‌ಗೆ ಟಿಕ್ ಇದೆಯೇ ನೋಡಿ. ಆಫೀಸು, ಮನೆ ಬೆರೆಯಬಾರದು ಎನ್ನುವವರಿಗೆ ಇದಕ್ಕಿಂತ ಫೇವರಿಟ್ಸ್ ಮೇಲು. ಒಂದು ಖಾತೆಯ ಪತ್ರಕ್ಕೆ ಇನ್ನೊಂದರಿಂದ ಉತ್ತರ ಹೋಗುವ ಭಯವಿದ್ದರೆ ಕಳಿಸುವ ಮೊದಲು 'ಫ್ರಮ್' ಸಾಲು ನೋಡುವ ರೂಢಿ ಬೇಕು.

ಉತ್ತರ 4
ಕ್ರಮದ ಬಗ್ಗೆ: ಖಾತೆಗಳ ಸಾಲನ್ನು ಅಕೌಂಟ್ ಸೆಟ್ಟಿಂಗ್ಸ್‌ನ ಎಡಪಟ್ಟಿಯಲ್ಲಿ ಎಳೆದು ಬದಲಿಸಬಹುದು. ಖಾತೆಯೊಳಗಿನ ಫೋಲ್ಡರುಗಳನ್ನು ಎಳೆದು ಜೋಡಿಸುವ ಸೌಲಭ್ಯ 2025ರ 140ನೇ ಆವೃತ್ತಿಯಲ್ಲಿ ಬಂತು. ಎರಡು ಫೋಲ್ಡರುಗಳ ನಡುವಿನ ಗೆರೆಯ ಮೇಲೆಯೇ ಬಿಡಿ. ಫೋಲ್ಡರಿನ ಮೇಲೆ ಬಿಟ್ಟರೆ ಅದರ ಒಳಗೆ ಸೇರಿಬಿಡುತ್ತದೆ.

ಹಳೆಯ ಆವೃತ್ತಿಯಲ್ಲಿ ಅಕಾರಾದಿ ಕ್ರಮವೇ ಗತಿ, ಹಾಗಾಗಿ ಹಲವರು ಹೆಸರಿನ ಮುಂದೆ 01, 02 ಹಾಕುತ್ತಾರೆ. ಐಮ್ಯಾಪ್‌ನಲ್ಲಿ ಹೆಸರು ಬದಲಿಸಿದರೆ ಸರ್ವರಿನಲ್ಲೂ ಬದಲಾಗುತ್ತದೆ. ಜಿಮೇಲ್‌ನ ಫಿಲ್ಟರ್ ಹೊಸ ಹೆಸರಿಗೆ ಹೊಂದಿಕೊಳ್ಳುತ್ತದೆ. ಆಫೀಸ್ ಸರ್ವರಿನ ನಿಯಮ ಹಳೆಯ ಹೆಸರನ್ನೇ ಹುಡುಕುತ್ತಿರಬಹುದು, ಅದನ್ನೂ ತಿದ್ದಿ.

ಉತ್ತರ 5
ಇಷ್ಟಾದ ಮೇಲೂ ಜಾಗ ಸಾಲದಿದ್ದರೆ ವ್ಯೂ ಮೆನುವಿನ 'ಡೆನ್ಸಿಟಿ'ಯಲ್ಲಿ 'ಕಾಂಪ್ಯಾಕ್ಟ್'. ಕನ್ನಡ ಹೆಸರಿನ ಫೋಲ್ಡರ್ ಇದ್ದವರಿಗೆ ಅದು ಇಕ್ಕಟ್ಟು, ಒತ್ತಕ್ಷರಕ್ಕೆ ಜಾಗ ಬೇಕು. ಅಂಥವರು 'ಡೀಫಾಲ್ಟ್' ಇಟ್ಟುಕೊಳ್ಳುವುದೇ ಒಳ್ಳೆಯದು. ಕ್ಯಾಲೆಂಡರ್, ವಿಳಾಸ ಪುಸ್ತಕ ಬಳಸದಿದ್ದರೆ ಎಡತುದಿಯ ಸ್ಪೇಸಸ್ ಪಟ್ಟಿಯನ್ನು (ಮೇಲ್, ಕ್ಯಾಲೆಂಡರ್ ಮುಂತಾದವುಗಳ ಐಕಾನ್ ಸಾಲು) ಅದರ ಕೆಳಗಿನ ಬಾಣದಿಂದ ಮಡಚಿ. ಆಫೀಸ್ ಇನ್‌ಬಾಕ್ಸ್‌ನ ಐಕಾನಿಗೆ ಪ್ರಾಪರ್ಟೀಸ್‌ನಲ್ಲಿ ಬೇರೆ ಬಣ್ಣ ಕೊಟ್ಟರೆ ಫೇವರಿಟ್ಸ್ ಸಾಲಿನಲ್ಲಿ ಯಾವುದು ಯಾರದು ಎಂದು ಓದದೆಯೇ ತಿಳಿಯುತ್ತದೆ.