ಹೃದಯ, ರಕ್ತ ಪರಿಚಲನೆ ಹೇಗೆ ಕಲಿತಿರಿ? ಅನುಭವ ಹೇಳಿ

ಅಂಕೋಲಾದಿಂದ ಪ್ರಶ್ನೆ: ಹತ್ತನೇ ತನಕ ಕನ್ನಡ ಮಾಧ್ಯಮ, ಈಗ ನರ್ಸಿಂಗ್ ಮೊದಲ ವರ್ಷ. ಹೃದಯದ ಚಿತ್ರ ಬಾಯಿಪಾಠ ಆಗಿದೆ. ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಮಾತ್ರ ತಡವರಿಸುತ್ತೇನೆ. ಏನು ಮಾಡಲಿ?

ಕಾರವಾರದಿಂದ: ತಂಗಿ, ಸ್ವಲ್ಪ ದಿನ ಚಿತ್ರ ಪಕ್ಕಕ್ಕಿಡು. ಮಟನ್ ಅಂಗಡಿಯಲ್ಲಿ ಒಂದು ಆಡಿನ ಹೃದಯ ಕೇಳು. ಮೇಲಿನ ಕೊಳವೆ ಕತ್ತರಿಸಬೇಡಿ ಅಂತ ಮೊದಲೇ ಹೇಳು, ಇಲ್ಲದಿದ್ದರೆ ಕೊಯ್ದು ಎಸೆದುಬಿಡ್ತಾರೆ. ಆಡಿಗೂ ನಮ್ಮ ಹಾಗೇ ನಾಲ್ಕು ಕೋಣೆ. ಒತ್ತಿ ನೋಡು, ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಟ್ಟಿ. ಗಟ್ಟಿ ಇರೋದು ಎಡ ಹೃತ್ಕುಕ್ಷಿ, ಅಂದರೆ ಎಡಗಡೆಯ ಕೆಳಗಿನ ಕೋಣೆ. ಇಡೀ ಮೈಗೆ ರಕ್ತ ದೂಡೋದು ಅದೇ, ಹಾಗಾಗಿ ನಮ್ಮಲ್ಲೂ ಅದರ ಗೋಡೆ ಬಲಗಡೆಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಕೊಯ್ಯುವ ಮೊದಲು ಮಹಾಪಧಮನಿಯೊಳಗೆ, ಅಂದರೆ ಆ ಕೋಣೆಯಿಂದ ಹೊರಡುವ ದೊಡ್ಡ ಕೊಳವೆಯೊಳಗೆ, ನೀರು ಬಿಡು. ಬುಡದಲ್ಲಿ ಮೂರು ಪುಟ್ಟ ಜೇಬುಗಳಂತೆ ಕವಾಟ ಉಬ್ಬಿ ಮುಚ್ಚಿಕೊಂಡು ನೀರನ್ನು ತಡೆಯುತ್ತದೆ. ಆಮೇಲೆ ಎಡಗಡೆ ಸೀಳು. ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಅಂಚಿನಿಂದ ಕೆಳಗಿನ ಸ್ನಾಯುವಿಗೆ ಬಿಗಿದ ಬಿಳಿ ಎಳೆಗಳಿವೆ, ಬೆರಳಿಂದ ಎಳೆದರೂ ಸುಲಭಕ್ಕೆ ಹರಿಯೋದಿಲ್ಲ. ಕವಾಟ ಮೇಲಕ್ಕೆ ಮಗುಚದಂತೆ ಹಿಡಿಯೋದು ಅವೇ. ಇದನ್ನು ಮುಟ್ಟಿ ನೋಡಿದ ಮೇಲೆ ಮರೆಯೋದು ಕಷ್ಟ.

ಮನೆಯಲ್ಲಿ ಬಂಗಡೆ ಕೊಯ್ಯುವಾಗ ಕಿವಿರಿನ ಕೆಳಗೆ ಅದರ ಹೃದಯವನ್ನೂ ಹುಡುಕು. ಒಂದು ಹೃತ್ಕರ್ಣ (ರಕ್ತ ಬಂದು ಸೇರುವ ಕೋಣೆ), ಒಂದು ಹೃತ್ಕುಕ್ಷಿ, ಅಷ್ಟೇ. ರಕ್ತ ಕಿವಿರಿಗೆ ಹೋಗಿ ಅಲ್ಲಿಂದ ನೇರ ಮೈಗೆ ಹೋಗುತ್ತದೆ. ನಮ್ಮಲ್ಲಿ ಶ್ವಾಸಕೋಶದಿಂದ ಮತ್ತೆ ಹೃದಯಕ್ಕೇ ಬಂದು, ಹೊಸದಾಗಿ ಒತ್ತಡ ಪಡೆದು ಹೊರಡುತ್ತದೆ. ಎರಡು ಸುತ್ತು ಯಾಕೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

ಶಿರಸಿಯಿಂದ: ನಮ್ಮದು ಸಸ್ಯಾಹಾರಿ ಮನೆ, ಹೃದಯ ತರುವ ಹಾಗಿರಲಿಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ ಚಾಕ್‌ನಿಂದ ನಾಲ್ಕು ಕೋಣೆ ಬರೆದು ಜೋರಾಗಿ ಹೇಳುತ್ತಾ ನಡೆದೆ: ಬಲ ಹೃತ್ಕರ್ಣ, ತ್ರಿದಳ ಕವಾಟ, ಬಲ ಹೃತ್ಕುಕ್ಷಿ, ಶ್ವಾಸಕೋಶ, ಎಡ ಹೃತ್ಕರ್ಣ, ಮೈಟ್ರಲ್ ಕವಾಟ, ಎಡ ಹೃತ್ಕುಕ್ಷಿ, ಮಹಾಪಧಮನಿ. ಒಂದು ನೆನಪಿಡಿ, ಪುಸ್ತಕದ ಚಿತ್ರದಲ್ಲಿ ಹೃದಯದ ಎಡಭಾಗ ನಿಮ್ಮ ಬಲಗೈ ಕಡೆ ಇರುತ್ತದೆ. ಅದು ಎದುರಿಗೆ ನಿಂತವರ ಎದೆ.

ಕುಮಟಾದಿಂದ: ವಾರ್ಡ್‌ನಲ್ಲಿ ಕೆಲಸ ಮಾಡ್ತಾ ಇದ್ದೇನೆ. ಮೇಲಿನವರು ಹೇಳಿದ್ದು ಸರಿ, ಆದರೆ ದಾರಿ ಗೊತ್ತಾದ ಮೇಲೆ ಸುಮ್ನೆ ಬಿಡಬೇಡಿ. ಪ್ರತಿ ಕೋಣೆಯಲ್ಲಿ ನಿಂತು, ಇದು ಸೋತರೆ ಹಿಂದೆ ಎಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ ಅಂತ ಕೇಳಿಕೊಳ್ಳಿ. ಎಡ ಹೃತ್ಕುಕ್ಷಿ ಸೋತರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ರೋಗಿಗೆ ಅಂಗಾತ ಮಲಗಲು ಆಗುವುದಿಲ್ಲ, ಎದ್ದು ಕೂತು ಉಸಿರೆಳೆಯುತ್ತಾರೆ. ಬಲಗಡೆ ಸೋತರೆ ಕಾಲು ಊದುತ್ತದೆ, ಬೆರಳಿಂದ ಒತ್ತಿ ತೆಗೆದರೆ ಕುಳಿ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಜಾಸ್ತಿ ಕೇಳುವುದೂ ಇದನ್ನೇ.