ಟವರ್ ಆಫ್ ಲಂಡನ್: 36 ಸ್ಥಿತಿ ಬರಬೇಕು, 60 ಬರ್ತಿದೆ

ಕೋಡ್‌ಕಟ್ಟೆ:
ಸೈಕಾಲಜಿ ಪ್ರಾಜೆಕ್ಟ್‌ಗೆ ಟವರ್ ಆಫ್ ಲಂಡನ್ ಪರೀಕ್ಷೆಯನ್ನು ಪೈಥಾನ್‌ನಲ್ಲಿ ಬರೆಯುತ್ತಿದ್ದೇನೆ. ಮೂರು ಗೂಟ, ಕೆಂಪು, ಹಸಿರು, ನೀಲಿ ಚೆಂಡು. ಕೊಟ್ಟ ಜೋಡಣೆಯಿಂದ ಹೇಳಿದ ಜೋಡಣೆಗೆ ಆದಷ್ಟು ಕಮ್ಮಿ ನಡೆಯಲ್ಲಿ ತರಬೇಕು. ಸಲಕ್ಕೆ ಒಂದೇ ಚೆಂಡು, ಅದೂ ಮೇಲಿನದು. ಒಟ್ಟು 36 ಸ್ಥಿತಿ (ಚೆಂಡುಗಳ ಜೋಡಣೆ) ಅಂತ ಓದಿದ್ದೆ, ನನ್ನ ಬಿಎಫ್‌ಎಸ್ (ಒಂದೊಂದೇ ನಡೆ ಮುಂದಕ್ಕೆ ಹೋಗಿ ಎಲ್ಲ ಸ್ಥಿತಿ ಹುಡುಕುವ ವಿಧಾನ) 60 ಕೊಡ್ತಿದೆ. ಕೆಲವು ಲೆಕ್ಕಗಳಿಗೆ ಕನಿಷ್ಠ ನಡೆಯೂ ಕಮ್ಮಿ ಬರುತ್ತಿದೆ. ಏನಿರಬಹುದು?

ಗ್ರಾಫ್‌ಭಟ್ಟ:
ಗೂಟದ ಎತ್ತರ ಹಾಕಿಲ್ಲ ಅಲ್ವಾ? 1982ರಲ್ಲಿ ನರಮನೋವಿಜ್ಞಾನಿ ಟಿಮ್ ಶಾಲಿಸ್ ಕೊಟ್ಟ ಪರೀಕ್ಷೆಯ ಜೀವಾಳವೇ ಅದು. ಗಿಡ್ಡ ಗೂಟ ಒಂದು ಚೆಂಡು ಹಿಡಿಯುತ್ತದೆ, ನಡುವಿನದು ಎರಡು, ಉದ್ದನೆಯದು ಮೂರು. ಈ ಮಿತಿ ಇಲ್ಲದಿದ್ದರೆ ಚೆಂಡುಗಳನ್ನು ಹಂಚುವ ಬಗೆ 10, ಬಣ್ಣದ ಕ್ರಮ 6, ಒಟ್ಟು 60. ಮಿತಿ ಇದ್ದರೆ ಹಂಚುವ ಬಗೆ 6ಕ್ಕೆ ಇಳಿಯುತ್ತದೆ. 6×6, ನಿಮ್ಮ 36.

ಬಿಲ್ಲೆಗಳನ್ನು ಗೂಟದಿಂದ ಗೂಟಕ್ಕೆ ಸಾಗಿಸುವ ಟವರ್ ಆಫ್ ಹನೋಯ್ ಒಗಟಿನ ಕೋಡನ್ನೇ ತಿದ್ದಿದಿರಿ ಅನ್ಸುತ್ತೆ. ಅಲ್ಲಿ ತಡೆಯೊಡ್ಡುವುದು ಬಿಲ್ಲೆಯ ಗಾತ್ರ, 3 ಬಿಲ್ಲೆಗೆ 27 ಸ್ಥಿತಿ. ಇಲ್ಲಿ ಚೆಂಡೆಲ್ಲ ಒಂದೇ ಗಾತ್ರ, ತಡೆಯೊಡ್ಡುವುದು ಗೂಟ.

ಇದನ್ನು ಓಡಿಸಿ ನೋಡಿ. ಶುರುವಿಗೆ ಉದ್ದ ಗೂಟದಲ್ಲಿ ಕೆಳಗಿನಿಂದ ಕೆಂಪು, ಹಸಿರು, ನೀಲಿ. ಕೊನೆಗೆ ನಡುಗೂಟದಲ್ಲಿ ಕೆಂಪು, ಉದ್ದ ಗೂಟದಲ್ಲಿ ಹಸಿರಿನ ಮೇಲೆ ನೀಲಿ. ನಿಮ್ಮ ಈಗಿನ ಕೋಡ್ 5 ಅನ್ನುತ್ತದೆ, ಯಾಕಂದ್ರೆ ನೀಲಿ, ಹಸಿರು ಎರಡನ್ನೂ ಗಿಡ್ಡ ಗೂಟಕ್ಕೆ ತುರುಕುತ್ತದೆ. ಸರಿಯಾದ ಉತ್ತರ 6.

ಕೋಡ್‌ಕಟ್ಟೆ:
(1, 2, 3) ಮಿತಿ ಹಾಕಿದೆ. 36 ಬಂತು, ಆ ಲೆಕ್ಕಕ್ಕೆ 6 ಬಂತು. ಥ್ಯಾಂಕ್ಸ್ ಸರ್! ಬೇರೆ ತಪ್ಪು ಉಳಿದಿಲ್ಲ ಅಂತ ಹೇಗೆ ನೋಡೋದು? ಆಮೇಲೆ, ಲೆಕ್ಕಗಳ ಕಷ್ಟವನ್ನು ಸುಮ್ನೆ ಕನಿಷ್ಠ ನಡೆಯಿಂದ ಅಳೆದರೆ ಸಾಕಾ?

ಗ್ರಾಫ್‌ಭಟ್ಟ:
ಪ್ರತಿ ಸ್ಥಿತಿ ಒಂದು ಚುಕ್ಕಿ, ಒಂದು ನಡೆಯಲ್ಲಿ ತಲುಪುವ ಎರಡರ ನಡುವೆ ಒಂದು ಗೆರೆ, ಇದೇ ಗ್ರಾಫ್. ಅದರ ಗೆರೆಗಳನ್ನು ಎಣಿಸಿ, 54 ಇರಬೇಕು. ಯಾವ ಸ್ಥಿತಿಯಿಂದಲೂ 2ಕ್ಕಿಂತ ಕಮ್ಮಿ, 4ಕ್ಕಿಂತ ಜಾಸ್ತಿ ನಡೆ ಇರಬಾರದು. ಅತಿ ದೂರದ ಜೋಡಿಗೆ 8 ನಡೆ.

ಕಷ್ಟ ಅಳೆಯೋಕೆ ನಡೆಯ ಸಂಖ್ಯೆ ಸಾಲದು. ಮೇಲಿನ ಲೆಕ್ಕವನ್ನೇ ನೋಡಿ. ಕೆಂಪು ಹೋಗಬೇಕಾದ್ದು ನಡುಗೂಟಕ್ಕೆ, ಹಾಗಾಗಿ ಅದನ್ನು ಖಾಲಿ ಬಿಡೋಣ ಅಂತಲೇ ಯಾರಿಗಾದರೂ ಅನ್ನಿಸುತ್ತದೆ. ಆದರೆ ನೀಲಿಯನ್ನು ಮೊದಲು ಗಿಡ್ಡ ಗೂಟಕ್ಕೆ ಹಾಕಿದಿರೋ, 6ರಲ್ಲಿ ಮುಗಿಯಲ್ಲ. ನೀಲಿ, ಹಸಿರು ಎರಡನ್ನೂ ನಡುಗೂಟದಲ್ಲೇ ಇಟ್ಟು, ಕೆಂಪನ್ನು ಗಿಡ್ಡದರಲ್ಲಿ ಕಾಯಿಸಬೇಕು. ಪರೀಕ್ಷೆ ಅಳೆಯಹೊರಟಿರುವುದು ಈ ಮುಂದಾಲೋಚನೆಯನ್ನೇ. ಪ್ರತಿ ಲೆಕ್ಕಕ್ಕೂ ಕನಿಷ್ಠ ನಡೆಯ ಜೊತೆಗೆ, ಅಷ್ಟೇ ನಡೆಯ ದಾರಿಗಳು ಎಷ್ಟಿವೆ, ಮೊದಲ ನಡೆಗೆ ಎಷ್ಟು ಸರಿ ಆಯ್ಕೆ ಇವೆ ಅಂತಲೂ ಕಾಲಂ ಹಾಕಿ.